ಅವ್ವನ ಖಣದ ಏಳು ಎಲಿ

ಹುಮನಾಬಾದದಾಗ ನಮ್ಮ ಮನ್ಯಾಗ ಹನ್ನೊಂದು ಕುಂಡ ಅವ. ಒಂದಕ್ಕೂ ನೀರು ಹಾಕಂಗಿಲ್ಲ, ಒಂದನ್ನೂ ಬಿಸಿಲಿಗೆ ಇಡಂಗಿಲ್ಲ. ಎಲ್ಲಾ ಅರಿವೀಲೆ ಹೊಲಿದ ಗಿಡ, ನನ್ನ ಕೈಲೇ ಹೊಲಿದದ್ದು. ಬಂದವರು ಮೊದಲ ಎಲಿ ಮುಟ್ಟಿ ನೋಡ್ತಾರ, ಆಮ್ಯಾಲ ನನ್ನ ಮಾರಿ ನೋಡ್ತಾರ, "ಖರೇ ಗಿಡ ಅನ್ಕೊಂಡಿದ್ವಿ ನೋಡ್ರಿ" ಅಂತಾರ. ಆ ಮಾತು ಕೇಳಾಕ ನನಗ ಭಾಳ ಹಿತ ಅನಸ್ತಿತ್ತು. ಸುಳ್ಳ್ಯಾಕ ಹೇಳ್ಲಿ, ಎಷ್ಟೋ ಮಂದೀನ ಚಹಾಕ್ಕ ಕರದದ್ದೇ ಆ ಮಾತಿನ ಸಲುವಾಗಿ. ಆದ್ರ ಕಿಡಕಿ ಬಾಜೂಕ ಒಂದು ಬಳ್ಳಿ ಅದ. ಅದರ ತುದೀಗೆ ಏಳು ಎಲಿ, ಉಳಿದವಕ್ಕಿಂತ ಜರಾ ಕಡು ಹಸಿರು. ಅವನ್ನ ಯಾರರ ಮುಟ್ಟಾಕ ಹೋದ್ರ ಈಗ ನಾ ಚಹಾದ ನೆವ ಮಾಡಿ ಎದ್ದು ಒಳಗ ಹೋಗ್ತೀನಿ. ಆ ಏಳು ಎಲಿ ನಾ ಮಾಡಬಾರದಾಗಿತ್ತು. ಮಾಡೀನಿ. ಹ್ಯಾಂಗ ಮಾಡಿದೆ ಅನ್ನೋದನ್ನ ಹೇಳ್ತೀನಿ.

ನಮ್ಮದು ಗಲ್ಲಿ ಒಳಗಿನ ಮನಿ. ಎದುರಿಗೆ ಮೂರಂತಸ್ತು ಎದ್ದ ಮ್ಯಾಲ ಬಿಸಿಲು ನಮ್ಮ ಬಾಗಿಲದ ತನಕ ಬಂದು ಅಲ್ಲೇ ವಾಪಸ್ ಹೋಗ್ತದ. ತುಳಸಿ ಹಚ್ಚಿದೆ, ಬಾಡಿತು. ಮನಿಪ್ಲಾಂಟ್ ತಂದೆ, ಅದೂ ಹಳದಿ ಆತು. ಮಾಳಗಿ ಮ್ಯಾಲ ಇಟ್ರ ಮಂಗ್ಯಾನ ಪಾಲು. ನಮ್ಮ ಮನ್ಯಾವ್ರು ದುಡ್ಯೋದು ಗೊಬ್ಬರದ ಅಂಗಡ್ಯಾಗ. ಊರ ಮಂದಿಗೆಲ್ಲ ಬೆಳಿ ಹ್ಯಾಂಗ ತಗೀಬೇಕು ಅಂತ ಹೇಳೋ ಮನಶ್ಯಾನ ಮನ್ಯಾಗ ಒಂದು ಕಡ್ಡಿ ಹಸಿರಿಲ್ಲ ಅಂತ ಬಾಜೂ ಮನ್ಯಾಕಿ ನಗಾಕತ್ತಿದ್ಳು. ನನಗ ಮದಲೇ ಮೂಗಿನ ತುದೀಗೆ ಸಿಟ್ಟು. ನಿನಗ ಹಸಿರು ಬೇಕಲ್ಲ, ತೋರಿಸ್ತೀನಿ ತಡಿ ಅಂದೆ. ಫೋನಿನಾಗ ಯಾರೋ ಒಬ್ಬಾಕಿ ಅರಿವೀ ಎಲಿ ಹೊಲಿಯೋದು ತೋರಿಸಾಕತ್ತಿದ್ಳು, ಅದನ್ನ ನೋಡಿ ಮಷೀನ್ ಮುಂದ ಕುಂತೆ.

ಹೊಲಿಗಿ ಬಲ್ಲವರಿಗೆ ಇದು ದೊಡ್ಡ ಕೆಲಸ ಅಲ್ಲ. ಎಲಿ ಆಕಾರದ ಎರಡು ತುಂಡು ಉಲ್ಟಾ ಇಟ್ಟು ಅಂಚಿಗೆ ಹೊಲಿಗಿ ಹೊಡಿಬೇಕು. ತೊಟ್ಟಿನ ಕಡೆ ಬೆರಳಷ್ಟು ಬಾಯಿ ಬಿಟ್ಟು, ಅಲ್ಲಿಂದ ಕಡ್ಡೀಲೆ ಒಳಗಿಂದು ಹೊರಗ ತಗೀಬೇಕು. ನಡುವ ತಂತಿ ಇಟ್ಟು, ಅದರ ಗುಂಟ ಎರಡೂ ಬಾಜೂ ಮತ್ತ ಹೊಲಿದ್ರ ಅದೇ ಎಲಿಯ ನಡುನರ. ಆಮ್ಯಾಲ ಗಂಜಿ ನೀರಾಗ ಅದ್ದಿ, ಚರಿಗಿ ಬೆನ್ನಿಗೆ ಬಗ್ಗಿಸಿ ಒಣಗಿಸಿದ್ರ ಆತು. ನನ್ನ ಮೊದಲಿನ ಎಲಿ ಮಿರ್ಚಿ ಭಜಿ ಹಂಗ ಆದ್ವು. ಮನ್ಯಾವ್ರು "ಚಟ್ನಿ ಎಲ್ಲದ" ಅಂತ ಕೇಳಿದ್ರು. ತಪ್ಪು ಕೈದಲ್ಲ, ಅರಿವೀದು. ಸಾಟೀನ್ ಮಿಂಚತಿತ್ತು, ಪಾಲಿಸ್ಟರ್ ಅಂಚು ಬಿಡ್ತಿತ್ತು, ಹಳೇ ಸೀರಿ ಗಂಜಿ ಹಿಡಿತಿದ್ದಿಲ್ಲ. ಕಡೀಕ ಒಂದಿನ ನನ್ನ ಸಂದೂಕದಾಗಿನ ಜಂಪರಿನ ಹಸಿರು ಖಣ ಒಂದು ಕತ್ತರಿಸಿ ನೋಡಿದೆ. ಬಿಗಿ ನೇಯ್ಗಿ, ಒಳಗ ಸಣ್ಣ ಹೂವಿನ ಬುಟ್ಟಾ, ಕೆಂಪು ಅಂಚು. ಎಲಿ ಅಂದ್ರ ಎಲಿ. ಆವತ್ತಿನಿಂದ ನನಗ ಖಣದ ಹುಚ್ಚು ಹಿಡೀತು.

ನಮ್ಮ ಕಡೆ ಖಣಕ್ಕ ಬರ ಇಲ್ಲ. ಮುತ್ತೈದಿ ಯಾರ ಮನೀಗೆ ಹೋದ್ರೂ ಹೊಂಡೋ ಮುಂದ ಸೆರಗ ಹಿಡಿ ಅಂತಾರ, ಅಕ್ಕಿ, ಕೊಬ್ಬರಿ, ಎಲಿ ಅಡಿಕಿ, ಮ್ಯಾಲೊಂದು ಜಂಪರಿನ ಖಣ ಇಟ್ಟು ಉಡಿ ತುಂಬ್ತಾರ. ಆ ಖಣ ಹೊಲಿಸೋರು ಕಮ್ಮಿ. ಸಂದೂಕದಾಗ ಇಟ್ಟು, ಮತ್ತ ಯಾರರ ಬಂದಾಗ ಅವರ ಉಡಿಗೆ ಹಾಕೋದು. ಆಕಿ ಇನ್ನೊಬ್ಬಾಕಿಗೆ. ಒಮ್ಮೆ ನಾನೇ ಕೊಟ್ಟ ಖಣ, ಅದರ ಮ್ಯಾಲ ನನ್ನ ಕೈದೇ ಅರಿಷಿಣದ ಕಲಿ ಇತ್ತು, ನಾಕು ಮನಿ ತಿರಗಿ ನನ್ನ ಉಡ್ಯಾಗೇ ಬಂದು ಬಿತ್ತು. ಕೊಟ್ಟಾಕಿ ಮಾರಿ ನೋಡಿ ನಕ್ಕೆ, ಆಕಿಗೆ ಯಾಕಂತ ತಿಳೀಲಿಲ್ಲ. ಹಿಂಗ ತಿರಗೋ ಸಾಮಾನು ಯಾರದೂ ಅಲ್ಲ ಅಂತ ನನ್ನ ತಲ್ಯಾಗ ಕುಂತಿತ್ತು.

ತಿರಗಬಾರದ ಖಣಾನೂ ಇರ್ತಾವ ಅಂತ ನನಗ ಗೊತ್ತಿತ್ತು. ನಮ್ಮ ಅವ್ವ, ನನ್ನ ತವರೂರು ಬೇಮಳಖೇಡದ ಮನ್ಯಾಗ, ಅಂಥಾ ಖಣದ ಮೂಲಿಗೆ ಒಂದು ಅಕ್ಕಿಕಾಳು ಇಟ್ಟು, ಅದರ ಸುತ್ತ ಕೆಂಪು ದಾರ ಬಿಗಿದು ಗಂಟು ಹಾಕ್ತಿದ್ಳು. "ಇದು ಮಂದಿಗೆ ಕೊಡೋದಲ್ಲ" ಅಂತಿದ್ಳು. ನಾ ಆಗ ಸಣ್ಣಾಕಿ, ಆಕಿ ತೊಡಿ ಮ್ಯಾಲ ತಲಿ ಇಟ್ಟು ನೋಡಿದ್ದು. ಈಗ ಅವ್ವ ಹೋಗಿ ಭಾಳ ವರ್ಷ ಆತು.

ನನಗ ಒಬ್ಬಾಕೇ ಅಕ್ಕ. ನನಗಿಂತ ಒಂಬತ್ತು ವರ್ಷ ದೊಡ್ಡಾಕಿ. ಅವ್ವ ಮಂದಿ ಹೊಲಕ್ಕ ಕೂಲಿಗೆ ಹೋದ್ರ ನನ್ನ ಟೊಂಕದ ಮ್ಯಾಲ ಕುಂಡರಿಸಿಕೊಂಡು ಎಮ್ಮಿ ಕಾಯ್ದಾಕಿ ಆಕಿ. ನನ್ನ ಹೊತಗೊಂಡು ತಿರಗಿದ್ದಕ್ಕ ಆಕಿ ಸಾಲಿ ಮೆಟ್ಟಲ ಹತ್ತಲಿಲ್ಲ. ನಾ ಹತ್ತಿದೆ. ಆಕೀನ ಬಸವಕಲ್ಯಾಣಕ್ಕ ಕೊಟ್ರು, ಕಿಲ್ಲಾದ ಕೆಳಗ ಸಣ್ಣ ಮನಿ. ನನಗ ಕೌದಿ ಹೊಲಿಯೋದು, ಸೂಜಿ ಹಿಡಿಯೋದು ಕಲಿಸಿದಾಕೀನೂ ಆಕೇ. ಮೂರು ವರ್ಷದ ಹಿಂದ ನಮ್ಮ ಭಾವ ತೀರಿಕೊಂಡ್ರು. ಆವತ್ತಿನಿಂದ ಅಕ್ಕನ ಸೆರಗಿಗೆ ಯಾರೂ ಉಡಿ ತುಂಬಂಗಿಲ್ಲ, ಆಕೀನೂ ಯಾರಿಗೂ ತುಂಬಂಗಿಲ್ಲ. ಯಾರು ಈ ಕಾಯ್ದೆ ಮಾಡಿದ್ರೋ ಅವರ ಬಾಯಾಗ ಮಣ್ಣು ಬೀಳ್ಲಿ. ಆದ್ರ ನಾನೂ ಅದೇ ಕಾಯ್ದೇದಾಗ ಬೆಳದಾಕಿ, ನನ್ನ ನಾಲಿಗಿ ಏನ್ ಬ್ಯಾರೇ ಅಲ್ಲ.

ಒಂದ ಸಲ ಥಂಡಿ ದಿನದಾಗ ಅಕ್ಕನ ಮನೀಗೆ ಹೋಗಿದ್ದೆ. ಆಕಿ ನನಗ ಶಾಲು ಕೊಡಬೇಕಂತ ಸಂದೂಕ ತಗದ್ಳು. ಒಳಗ ಹಸಿರು ಖಣದ ಒಟ್ಟಿಲು. ಬಸ್ಸಿನ ಟೈಮ್ ಆಗಿತ್ತು, ನನ್ನ ಕಣ್ಣು ಮಾತ್ರ ಅಲ್ಲೇ ನೆಟ್ಟಿತ್ತು.

"ಅಕ್ಕ, ಇವು ಇನ್ನ ನಿನಗೇನ್ ಕೆಲಸ? ನನಗರ ಕೊಡು, ಎಲಿ ಹೊಲೀತೀನಿ" ಅಂದೆ.

ಅಂದ ಮ್ಯಾಲ ನನಗೇ ಕೇಳಿಸ್ತು ನಾ ಏನ್ ಅಂದೆ ಅಂತ. ಅಕ್ಕ ಒಟ್ಟಿಲದ ಮ್ಯಾಲ ಕೈ ಇಟ್ಟು, "ಒಯ್ಯಿ, ಯಾರಿಗೆ ಇಡ್ಲಿ. ಜರಾ ನಿಂದರು, ಕೆಳಗಿಂದೊಂದು…" ಅಂದ್ಳು. ಆ ಮಾತು ಮುಗಿಸಾಕ ನಾ ಬಿಡಲಿಲ್ಲ. ಅಂದದ್ದನ್ನ ಮುಚ್ಚಿಕೊಳ್ಳಾಕ ನನಗ ಗಡಬಡಿ ಆಗಿತ್ತು. ಬಸ್ಸು ಹೋಗ್ತದ ಅಕ್ಕ ಅಂತ ಅಷ್ಟೂ ಬಾಚಿ ಚೀಲದಾಗ ತುರಕಿಕೊಂಡು ಹೊಂಟೆ. ಆಕಿ ಬಾಗಿಲದ ತನಕ ಬಂದು "ಸಾವಕಾಶ ಹೋಗು" ಅಂದ್ಳು.

ಆ ಖಣದಾಗ ಬಳ್ಳಿ ಮಾಡಿದೆ. ಭಾಳ ಚಂದ ಬಂತು. ನಮ್ಮ ಮನ್ಯಾಗ ಅರಿಷಿಣ ಕುಂಕುಮ ಇಟ್ಟಿದ್ದೆ, ಗಲ್ಲಿ ಹೆಣ್ಣಮಕ್ಕಳೆಲ್ಲ ಬರೋರಿದ್ರು. ಅದರ ಮುಂಚಿನ ದಿನ ಮಧ್ಯಾಹ್ನ ನೋಡಿದ್ರ, ಬಳ್ಳಿ ಕಿಡಕಿ ಮೂಲಿ ಮುಟ್ಟಾಕ ಏಳು ಎಲಿ ಕಮ್ಮಿ. ಚೀಲದ ತಳದಾಗ ಒಂದೇ ಖಣ ಉಳಿದಿತ್ತು, ಹಳೇ ಧೋತ್ರದ ತುಂಡಿನಾಗ ಸುತ್ತಿದ್ದು. ಬಿಚ್ಚಿದೆ. ಅಷ್ಟು ಕಡು ಹಸಿರು ನಾ ಅಲ್ಲೀ ತನಕ ನೋಡಿದ್ದಿಲ್ಲ. ಹರವಿದೆ. ಮೂಲ್ಯಾಗ ಕೆಂಪು ದಾರದ ಗಂಟು ಇತ್ತು.

ಕತ್ರಿ ಕೆಳಗಿಟ್ಟೆ. ಇಟ್ಟದ್ದು ಖರೇ. ಅವ್ವನ ಗಂಟು ನನಗ ತಿಳೀಲಿಲ್ಲ ಅಂತ ದೇವರ ಮುಂದ ನಿಂತರೂ ನಾ ಹೇಳಾಕ ಬರಂಗಿಲ್ಲ. ತಿಳೀತು. ಬಜಾರ ಹತ್ತು ನಿಮಿಷದ ಹಾದಿ, ಹೋಗಿ ಬ್ಯಾರೇ ತರಬಹುದಾಗಿತ್ತು. ಫೋನ್ ಕೈಯಾಗೇ ಇತ್ತು, ಅಕ್ಕನ ಕೇಳಬಹುದಾಗಿತ್ತು. ಕೇಳಿದ್ರ ಆಕಿ ಬ್ಯಾಡ ಅಂತಾಳ ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಗಂಡ ಇಲ್ಲದಾಕಿಗೆ ಹಸಿರು ಖಣ ಇದ್ದು ಏನು ಮಾಡೋದದ ಅಂತ ಮನಸಿನಾಗ ಅಂದುಕೊಂಡೆ. ಇಷ್ಟು ಸ್ಪಷ್ಟ, ಇದೇ ಮಾತು. ಆಮ್ಯಾಲ ಕತ್ರಿ ಎತ್ತಿಕೊಂಡೆ. ಗಂಟಿನ ಹಂತ್ಯಾಕ ಏನೋ ಗಟ್ಟಿ ತಾಕಿ ಕಟ್ ಅಂತು, ಬಿಳಿ ಚೂರು ನೆಲಕ್ಕ ಬಿತ್ತು. ಚಿಂದಿ ಜೋಡಿ ಅದನ್ನೂ ಗುಡಿಸಿ ಹಾಕಿದೆ.

ಮರುದಿನ ಬಂದವರೆಲ್ಲ ಬಳ್ಳೀನೇ ನೋಡಿದ್ರು. ಬಾಜೂ ಮನ್ಯಾಕಿ ಎರಡು ಸಲ ಮುಟ್ಟಿ ನೋಡಿದ್ಳು. ನನಗ ಆಗ ಏನೂ ಅನಸಲಿಲ್ಲ, ಖುಷೀನೇ ಆತು. ಅದೂ ಹೇಳಬೇಕು.

ಅಕ್ಕಗ ಒಬ್ಬಾಕೇ ಮಗಳು, ಹುಲಸೂರಿಗೆ ಕೊಟ್ಟದ್ದು. ಮದಿವ್ಯಾಗಿ ಭಾಳ ವರ್ಷಕ್ಕ ಆಕಿ ಬಸರಾದ್ಳು. ಏಳನೇ ತಿಂಗಳದಾಗ ತವರಿನ ಕುಬಸ ಮಾಡಬೇಕು, ಹಸಿರು ಸೀರಿ ಉಡಿಸಿ, ಹಸಿರು ಬಳಿ ಇಡಿಸಿ, ಹಸಿರು ಖಣ ಇಟ್ಟು ಉಡಿ ತುಂಬಬೇಕು. ಒಂದಿನ ಬೆಳಿಗ್ಗೆ ಅಕ್ಕನ ಫೋನ್ ಬಂತು. ಆಕಿ ದನಿಯಾಗ ಅಷ್ಟು ಉಮೇದಿ ನಾ ಭಾವ ಹೋದ ಮ್ಯಾಲ ಕೇಳಿದ್ದಿಲ್ಲ.

"ಐತ್ವಾರ ಕುಬಸ ಇಟ್ಕೊಂಡೀನಿ. ನೀ ಬಂದು ಉಡಿ ತುಂಬಬೇಕು."

"ನಾ ಯಾಕ, ನೀನೇ ತುಂಬು. ನಿನ್ನ ಮಗಳು. ಯಾರ್ ಏನ್ ಅಂತಾರ ನಾ ನೋಡ್ಕೊತೀನಿ" ಅಂದೆ. ಬಾಯೀಲೆ ನಾ ಯಾವತ್ತೂ ಗಟ್ಟಿ.

"ಬ್ಯಾಡ ತಗಿ. ಬೀಗರು ಹಳೇ ಮಂದಿ. ಹುಡುಗಿ ಅಲ್ಲೇ ಬಾಳ್ವೆ ಮಾಡಬೇಕು, ನಾಳೆ ಹಡಿಯೋದ್ರಾಗ ಏನರ ಹೆಚ್ಚು ಕಮ್ಮಿ ಆದ್ರ ನನ್ನ ಕೈ ಮ್ಯಾಲ ಬರ್ತದ. ನನ್ನ ಕೈ ಬ್ಯಾಡ. ಅದಕ್ಕೇ ಫೋನ್ ಮಾಡೀನಿ. ನೀ ಒಯ್ದ ಖಣದಾಗ ಕೆಳಗ ಒಂದು ಕೆಂಪು ದಾರದ್ದು ಅದ ನೋಡು, ಧೋತ್ರದಾಗ ಸುತ್ತೀನಿ. ಅವ್ವ ನನ್ನ ಕುಬಸಕ್ಕ ಕೊಟ್ಟದ್ದು. ಹೊಲಿಸಬ್ಯಾಡ, ನಿನ್ನ ಮಗಳ ಕುಬಸಕ್ಕ ನೀನೇ ಉಡಿಗೆ ಹಾಕು ಅಂದಿದ್ಳು. ಹಾಕಾಕ ನನಗ ಆಗಂಗಿಲ್ಲ. ಖಣ ಹೋಗಿ ಆಕಿ ಉಡ್ಯಾಗ ಬಿದ್ರ ನಾ ಹಾಕಿದಂಗ ಆತು. ಅದೊಂದು ಮರೀದ ತಗೊಂಡು ಬಾ."

ನಾ ಕಿಡಕಿ ಕಡೆ ನೋಡಿದೆ. "ಹೂಂ ಅಕ್ಕ, ತರ್ತೀನಿ" ಅಂದೆ.

ಆಗರ ಹೇಳಬಹುದಾಗಿತ್ತು. ಹೇಳಿದ್ರ ಆಕಿ ಅತ್ತು ಹಗುರಾಗಿ, ಐತ್ವಾರದ ತನಕ ಮನಸು ತಯಾರ್ ಮಾಡಿಕೊತಿದ್ಳು. ನಾ ಏನ್ ಮಾಡಿದೆ ಅಂದ್ರ, ಬಜಾರಕ್ಕ ಹೋದೆ. ಆವಾಗ ಹತ್ತು ನಿಮಿಷದ ಹಾದಿ ದೂರ ಅನಸಿದಾಕಿಗೆ ಈಗ ನಾಕು ಅಂಗಡಿ ತಿರಗಾಕ ಕಾಲು ಬಂದ್ವು. ಹಂಥಾದೇ ಹಸಿರು ಸಿಕ್ತು. ಹೊಸದು ಹೊಸದಾಗೇ ಕಾಣತಿತ್ತು. ಮೂರು ಸಲ ಒಗದೆ, ಚಹಾದ ಡಿಕಾಕ್ಷನ್ ನೀರಾಗ ಒಂದು ಸುತ್ತು ಅದ್ದಿದೆ, ನೆರಳಾಗ ಒಣಗಿಸಿ, ಮಡಿಚಿ, ಗಾದಿ ಕೆಳಗ ಇಟ್ಟು ಮಡಿಕಿ ಗೆರಿ ಕೂಡಿಸಿದೆ. ಕಡೀಕ ಮೂಲಿಗೆ ಕೆಂಪು ದಾರ ಬಿಗಿದು ಗಂಟು ಹಾಕಿದೆ. ಸುಳ್ಳ ಎಲಿ ಹೊಲಿದು ಹೊಲಿದು ಪಳಗಿದ ಕೈ, ಎಲ್ಲೂ ತಪ್ಪಲಿಲ್ಲ. ಅದೇ ಹಳೇ ಧೋತ್ರದ ತುಂಡಿನಾಗ ಸುತ್ತಿದ ಮ್ಯಾಲ ನನಗೇ ಒಂದು ಕ್ಷಣ ಖರೇ ಅನಸ್ತು.

ಐತ್ವಾರ ಆಧಾರ್ ಕಾರ್ಡ್ ತೋರಿಸಿ ಕಲ್ಯಾಣದ ಬಸ್ಸು ಹತ್ತಿದೆ. ರಾಜೇಶ್ವರ ದಾಟಿತು, ಸಸ್ತಾಪುರ ಬಂಗಲಾದಾಗ ಮಂದಿ ಇಳಿದು ಹತ್ತಿದ್ರು, ನಾ ಚೀಲ ಎದಿಗೆ ಅವಚಿಕೊಂಡು ಕುಂತಿದ್ದೆ. ಅಲ್ಲೇ ಇಳಿದು ತಿರಗಿ ಹೋಗಬೇಕು ಅನಸಿದ್ದು ಖರೇ.

ಅಕ್ಕನ ಮನಿ ತುಂಬ ಮಂದಿ. ಹೂರಣದ ವಾಸನಿ. ಪಡಸಾಲ್ಯಾಗ ಹಸಿರು ಸೀರಿ ಉಟ್ಟು ಹುಡುಗಿ ಕುಂತಿತ್ತು, ಬೀಗರ ಹೆಣ್ಣಮಕ್ಕಳು ಸುತ್ತ ಕುಂತಿದ್ರು. ಅಕ್ಕ ಅಡಗಿ ಮನ್ಯಾಗಿಂದ ಹಿಟ್ಟಿನ ಕೈ ಒರಿಸಿಕೋತ ಬಂದ್ಳು, "ತಂದೇನು" ಅಂದ್ಳು. ಕೊಟ್ಟೆ. ಆಕಿ ಬಿಚ್ಚಿ, ಅರಿವಿ ನೋಡಲೇ ಇಲ್ಲ. ಸೀದಾ ಮೂಲಿ ಹುಡುಕಿ ಗಂಟು ಹಿಡದ್ಳು. ಹೆಬ್ಬೆರಳೀಲೆ ಒತ್ತಿದ್ಳು. ಮತ್ತೊಮ್ಮೆ ಒತ್ತಿದ್ಳು.

ಅಕ್ಕಿಕಾಳು ಇದ್ದಿಲ್ಲ. ನನಗ ಆಗ ನೆನಪಾತು, ಕತ್ರಿಗೆ ತಾಕಿ ಕಟ್ ಅಂದದ್ದು ಏನಂತ.

ಅಕ್ಕ ನನ್ನ ಮಾರಿ ನೋಡಿದ್ಳು. ಸಿಟ್ಟು ಇದ್ದಿಲ್ಲ. ಸಿಟ್ಟಿದ್ರ ನಾ ತಡಕೊತಿದ್ದೆ. ಖಣ ಮಡಿಚಿ ಗ್ವಾಡಿ ಮಾಡದಾಗ ಇಟ್ಟು, ಸೀರಿ ಜೋಡಿ ಬಂದ ಜಂಪರ್ ಪೀಸ್ ಹರಿದು ತಾಟಿನಾಗ ಇಟ್ಳು. "ನಡಿ, ಮಂದಿ ಕಾಯಾಕತ್ತ್ಯಾರ" ಅಂದ್ಳು.

ಹುಡುಗಿ ತಾಟು ನೋಡಿ, "ಅವ್ವ, ಆಯಿ ಖಣ ಎಲ್ಲದ?" ಅಂತ ಕೇಳಿತು. ಸಣ್ಣಾಕಿ ಇದ್ದಾಗಿನಿಂದ ಅಜ್ಜಿ ಕೊಟ್ಟ ಆ ಖಣದ ಸುದ್ದಿ ಕೇಳಿದ ಹುಡುಗಿ ಅದು.

"ಹುಳ ಹತ್ತ್ಯದವ್ವ. ಈಗೇ ನೋಡಿದೆ. ಹುಳ ಹತ್ತಿದ್ದು ಉಡಿಗೆ ಹಾಕಬಾರದು" ಅಂದ್ಳು ಅಕ್ಕ. ಹುಡುಗಿ ಮಾರಿ ಸಣ್ಣದಾತು. ನನ್ನ ಸಲುವಾಗಿ ಅಕ್ಕ ಮಗಳ ಮುಂದ ಸುಳ್ಳು ಹೇಳಿದ್ಳು, ಆ ಸುಳ್ಳಿನ ಹಿಂದ ನಾ ನಿಂತೆ.

ಉಡಿ ನಾನೇ ತುಂಬಿದೆ. ಐದು ಸಲ ಬೊಗಸಿ ತುಂಬ ಅಕ್ಕಿ ಹಾಕಬೇಕು. ಅಕ್ಕ ಅಡಗಿ ಮನಿ ಬಾಗಿಲದಾಗ ನಿಂತಿದ್ಳು, ಹೊಸ್ತಲದ ಆ ಕಡೆ. ನಾ ಬೊಗಸಿ ಎತ್ತಿದಾಗೊಮ್ಮೆ ಆಕಿ ಎರಡೂ ಕೈ ತಾವೇ ಕೂಡಿ ಬೊಗಸಿ ಆಗತಿದ್ವು, ಮತ್ತ ಬಿಡತಿದ್ವು. ಆಕಿಗೆ ಅದು ಗೊತ್ತೇ ಇದ್ದಿಲ್ಲ. ಐದನೇದು ಹಾಕೋ ಮುಂದ ನಾ ತಾಟು ಒಯ್ದು ಆಕಿ ಕೈಯಾಗ ಕೊಡಬೇಕಾಗಿತ್ತು. ಫೋನಿನಾಗ ನಾ ನೋಡ್ಕೊತೀನಿ ಅಂದಾಕಿ ನಾನೇ ಅಲ್ಲೇನು. ಬೀಗಿತಿ ನನ್ನನ್ನೇ ನೋಡಾಕತ್ತಿದ್ಳು. ಐದನೇದೂ ನಾನೇ ಹಾಕಿದೆ.

ಊಟ ಆಗಿ ಮಂದಿ ಹೋದ ಮ್ಯಾಲ ಅಡಗಿ ಮನ್ಯಾಗ ನಾವಿಬ್ಬರೇ ಇದ್ವಿ. "ಅಕ್ಕ, ಖಣ ಕತ್ತರಿಸೀನಿ. ಎಲಿ ಮಾಡೀನಿ. ಇದು ಬಜಾರದ್ದು" ಅಂದೆ. ಅಳು ಬಂತು.

ಅಕ್ಕ ನನ್ನ ಬೆನ್ನು ಸವರಿದ್ಳು. "ತಿಳೀತು ನನಗ. ಅಳಬ್ಯಾಡ. ನಂದೇ ತಪ್ಪು, ಆವತ್ತೇ ತಗದಿಟ್ಕೋಬೇಕಾಗಿತ್ತು. ನೀ ಸಣ್ಣಾಕಿ ಇದ್ದಿ, ಅವ್ವನ ಗಂಟು ನಿನಗೇನ್ ನೆನಪು ಇರ್ತದ. ನನಗ ಹೆದರಿ ಇಷ್ಟೆಲ್ಲ ಮಾಡೀದಿ, ಹುಚ್ಚಿ." ಆಮ್ಯಾಲ ಕೇಳಿದ್ಳು, "ಗೊತ್ತಿದ್ರ ನೀ ಕತ್ರಿ ಹಚ್ತಿದ್ದೇನು?"

"ಇಲ್ಲ ಅಕ್ಕ" ಅಂದೆ.

ಆಕಿ ಗೋಣು ಹಾಕಿದ್ಳು, ನಂಬಿದ್ಳು. ಎದ್ದು ಹೋಗಿ ಅಡಗಿ ಮನಿ ಬಾಗಿಲು ಮುಚ್ಚಿದ್ಳು. ಡಬ್ಬ್ಯಾಗಿನ ಅಕ್ಕಿ ತಗೊಂಡು ನನ್ನ ಮುಂದ ನಿಂತು, "ಮಗಳಿಗೆ ತುಂಬಾಕ ಬರಲಿಲ್ಲ. ನಿನಗರ ತುಂಬ್ತೀನಿ. ನೀ ಏನೂ ಅನ್ಕೊಳ್ಳಂಗಿಲ್ಲ ಅಲ್ಲ" ಅಂತ ಕೇಳಿದ್ಳು. ನನ್ನನ್ನ ಹೊತಗೊಂಡು ಎಮ್ಮಿ ಕಾಯ್ದಾಕಿ ನನಗ ಪರವಾನಗಿ ಕೇಳಾಕತ್ತಿದ್ಳು. ನಾ ಸೆರಗ ಹಿಡದೆ. ಆಕಿ ಐದು ಬೊಗಸಿ ಹಾಕಿದ್ಳು. ಮ್ಯಾಲ ನಾ ಒಯ್ದ ಆ ಬಜಾರದ ಖಣಾನೇ ಇಟ್ಳು, ಮನ್ಯಾಗ ಬ್ಯಾರೇ ಖಣ ಇದ್ದಿಲ್ಲ. ಇದ್ದವನ್ನೆಲ್ಲ ನಾನೇ ಬಾಚಿಕೊಂಡು ಹೋಗಿದ್ನಲ್ಲ.

ಹುಡುಗಿ ಹಡದ್ಳು, ಹೆಣ್ಣು ಕೂಸು, ಇಬ್ಬರೂ ಆರಾಮ ಅದಾರ. ಹೋದ ತಿಂಗಳ ಅಕ್ಕ ಕೂಸಿನ ಎತಗೊಂಡು ನಮ್ಮ ಮನೀಗೆ ಬಂದಿದ್ಳು. "ಯಾವ ಎಲಿ ಅವ್ವಂದು" ಅಂತ ಕೇಳಿದ್ಳು. ತೋರಿಸಿದೆ. ಕೂಸಿನ ಕೈ ಹಿಡದು ಏಳೂ ಎಲಿ ಮುಟ್ಟಿಸಿದ್ಳು. "ಹಾಳೇನ್ ಆಗಿಲ್ಲ ಬಿಡು, ಚಂದ ಹೊಲಿದೀದಿ" ಅಂದ್ಳು. ಕೂಸಿನ ಕೈಗೆ ತಂತಿ ಚುಚ್ಚೀತು ಅಂತ ನಾ ನೆವ ಮಾಡಿ ಎತಗೊಂಡು ಒಳಗ ಹೋದೆ.

ಉಡಿ ಅಕ್ಕಿ ಅಟ್ಟು ಉಣಬೇಕು, ಇಡಬಾರದು. ಅಕ್ಕ ಹಾಕಿದ್ದನ್ನ ನಾ ಇಟ್ಟೀನಿ. ಡಬ್ಬಿ ತಗದಾಗೊಮ್ಮೆ ಇವತ್ತು ಅಡಗಿ ಮಾಡ್ತೀನಿ, ಅಕ್ಕಗ ಫೋನ್ ಹಚ್ಚಿ ಹೇಳೇ ಬಿಡ್ತೀನಿ ಅಂತೀನಿ, ಮುಚ್ಚಿ ಇಡ್ತೀನಿ. ಗೊತ್ತಿದ್ದೇ ಕತ್ತರಿಸೀನಿ ಅಕ್ಕ. ಹೇಳಬೇಕಾದ ಮಾತು ಇಷ್ಟೇ. ಇಲ್ಲಿ ಬರಿಯಾಕ ನನಗ ಏನೂ ತ್ರಾಸ ಆಗಲಿಲ್ಲ, ಯಾಕಂದ್ರ ಅಕ್ಕಗ ಓದಾಕ ಬರಂಗಿಲ್ಲ.